ಡಿ.ವಿ.ಡಿ. ತಟ್ಟೆಗಳಿಗೆ ವಿಷಯಸೂಚಿಯನ್ನು ರಚಿಸುವ ಕ್ರಮ

ಬಿತ್ತನೆಯ ಕಾಲದಲ್ಲಿ ರೈತರಿಗೆ ವಿರಾಮವು ಕಡಮೆ. ರಾಗಿಯ ಬೀಜೋಪಚಾರವನ್ನು ನೋಡಬೇಕೆಂದು ಬಂದವರ ಮುಂದೆ ಎರಡು ಗಂಟೆಗಳ ಚಿತ್ರವನ್ನು ಮೊದಲಿನಿಂದ ಓಡಿಸಿದರೆ, ಬೇಕಾದ ಭಾಗವು ಬರುವುದಕ್ಕೆ ಮುಂಚೆಯೇ ಅವರು ಎದ್ದು ಹೋಗುವರು. ಭೂಮಿಯ ಹದವೂ ತಪ್ಪುವುದು. ಕೆರೆಯಲ್ಲಿ ನೀರು ಎಷ್ಟಿದ್ದರೂ ತೂಬಿಲ್ಲದಿದ್ದರೆ ಗದ್ದೆಗೆ ಹೇಗೆ ಪ್ರಯೋಜನವಿಲ್ಲವೋ, ಹಾಗೆಯೇ ವಿಷಯಸೂಚಿ ಇಲ್ಲದ ತಟ್ಟೆಯಿಂದಲೂ ಪ್ರಯೋಜನವು ಅಲ್ಪವೇ ಸರಿ. ಈ ಸೂಚಿಗೆ ಮೆನು ಎಂದು ಹೆಸರು.

೨೦೦೬ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಎಂಬ ಪ್ರಯತ್ನದಲ್ಲಿ, ಸ್ಥಳೀಯ ರೈತರೇ ಕಾಣಿಸಿಕೊಂಡ ಚಿತ್ರಗಳನ್ನು ಟೆಲಿವಿಷನ್ ಮತ್ತು ಡಿ.ವಿ.ಡಿ. ಯಂತ್ರಗಳ ಮೂಲಕ ಕರ್ನಾಟಕದ ಕೆಲವು ಗ್ರಾಮಗಳಲ್ಲಿ ತೋರಿಸಲಾಯಿತು. ಚಿತ್ರವನ್ನು ನಡುನಡುವೆ ನಿಲ್ಲಿಸಿ ಚರ್ಚಿಸುವುದು ಅಲ್ಲಿನ ಮುಖ್ಯ ಕ್ರಮವಾಗಿದ್ದಿತು. ಈಗ ಚಿತ್ರಗಳು ಹೆಚ್ಚಾಗಿ ಮೊಬೈಲು ಮತ್ತು ಪೆನ್‌ಡ್ರೈವುಗಳಲ್ಲಿ ಬರುತ್ತಿದ್ದರೂ, ಯಂತ್ರವಿರುವ ಗ್ರಾಮಗಳಲ್ಲಿ ತಟ್ಟೆಯು ಇಂಟರ್‌ನೆಟ್ಟಿನ ಹಂಗಿಲ್ಲದೆ ಕೆಲಸಮಾಡುವುದು. ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಸೂಚಿಯ ರಚನೆಯನ್ನು ತಿಳಿದಿರುವುದು, ಅಥವಾ ಕಂಪ್ಯೂಟರ್ ಬಲ್ಲ ಯುವಕರಿಂದ ಮಾಡಿಸುವುದು ಉಚಿತವಾಗಿದೆ.

೧. ವಿಷಯ ವಿಂಗಡಣೆ.— ಒಂದು ಪದರದ ತಟ್ಟೆಯಲ್ಲಿ ೪.೭ ಶತಕೋಟಿ ಬೈಟುಗಳು, ಎಂದರೆ ಸಾಧಾರಣ ಗುಣದ ಸುಮಾರು ಎರಡು ಗಂಟೆಗಳ ಚಿತ್ರ ಹಿಡಿಯುವುದು. ಮೊದಲು ಕಾಗದದ ಮೇಲೆ ವಿಷಯಗಳನ್ನು ಬೇಸಾಯದ ಕ್ರಮದಲ್ಲಿ ಬರೆದುಕೊಳ್ಳತಕ್ಕದ್ದು: ಭೂಮಿಯ ತಯಾರಿ, ಬೀಜೋಪಚಾರ, ಬಿತ್ತನೆ, ಕಳೆ ತೆಗೆಯುವುದು, ಕೊಯ್ಲು. ಒಂದು ಸೂಚಿಯಲ್ಲಿ ೩೬ ಗುಂಡಿಗಳವರೆಗೆ ಇಡಲು ಅವಕಾಶವುಂಟು. ಆದರೆ ಐದಾರಕ್ಕಿಂತ ಹೆಚ್ಚಾದರೆ ದೂರದಲ್ಲಿ ಕುಳಿತವರಿಗೆ ಓದಲಾಗದು. ವಿಷಯಗಳು ಹೆಚ್ಚಾಗಿದ್ದರೆ ಉಪಸೂಚಿಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಮುಖ್ಯಸೂಚಿಗೆ ಹಿಂದಿರುಗುವ ಗುಂಡಿಯನ್ನಿಡಬೇಕು.

೨. ಹಿನ್ನೆಲೆಯ ಚಿತ್ರ.— ಭಾರತದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆಯು ೭೨೦ × ೫೭೬ ಬಿಂದುಗಳು. ಈ ಬಿಂದುಗಳು ಸಮಚೌಕವಲ್ಲವಾದ ಕಾರಣ, ೪:೩ ಪ್ರಮಾಣದ ಪರದೆಗಾಗಿ ೭೬೮ × ೫೭೬ರಲ್ಲಿ ಚಿತ್ರವನ್ನು ಬರೆದು, ಬಳಿಕ ೭೨೦ × ೫೭೬ಕ್ಕೆ ಇಳಿಸತಕ್ಕದ್ದು. ಹೀಗೆ ಮಾಡದಿದ್ದರೆ ವೃತ್ತವು ಅಂಡಾಕಾರವಾಗಿ ಕಾಣುವುದು. ಹಳೆಯ ಟೆಲಿವಿಷನ್ನುಗಳು ಚಿತ್ರದ ಅಂಚನ್ನು ಮರೆಮಾಡುವುದರಿಂದ ಸುತ್ತಲೂ ಹತ್ತನೆಯ ಒಂದು ಪಾಲನ್ನು ಬಿಟ್ಟು, ಒಳಗೆ ಮಾತ್ರ ಅಕ್ಷರಗಳನ್ನಿಡಬೇಕು. ಅತಿ ತೆಳುವಾದ ಅಡ್ಡಗೆರೆಗಳು ಮಿನುಗಿ ಕಣ್ಣಿಗೆ ಆಯಾಸವನ್ನುಂಟುಮಾಡುವುವು. ಅವನ್ನು ದಪ್ಪವಾಗಿ ಬರೆಯುವುದು ಮೇಲು.

೩. ಕನ್ನಡ ಅಕ್ಷರಗಳು.— ಸೂಚಿಯು ಯಂತ್ರಕ್ಕೆ ಒಂದು ಚಿತ್ರವಷ್ಟೆ. ಆದುದರಿಂದ ಯಂತ್ರಕ್ಕೆ ಕನ್ನಡ ಬರಬೇಕಾದುದಿಲ್ಲ. ಆದರೆ ಕೆಲವು ತಂತ್ರಾಂಶಗಳಲ್ಲಿ ನೇರವಾಗಿ ಬೆರಳಚ್ಚು ಮಾಡಿದರೆ ಒತ್ತಕ್ಷರಗಳು ಒಡೆದು ಬೀಳುವುವು. ಚಿತ್ರ ಬರೆಯುವ ತಂತ್ರಾಂಶದಲ್ಲಿ ಹೆಸರುಗಳನ್ನು ಹಿನ್ನೆಲೆಯೊಡನೆ ಸೇರಿಸಿಬಿಟ್ಟರೆ ಈ ತೊಂದರೆಯಿಲ್ಲ.

೪. ಗುಂಡಿಗಳು.— ಗುಂಡಿಗೆ ಮೂರು ಅವಸ್ಥೆಗಳುಂಟು: ಸಾಧಾರಣ, ಆರಿಸಿದ್ದು, ಒತ್ತಿದ್ದು. ಈ ವ್ಯತ್ಯಾಸವನ್ನು ಹಿನ್ನೆಲೆಯ ಮೇಲೆ ಹೊದಿಸುವ ಒಂದು ತೆಳುಪದರವು ತೋರಿಸುವುದು. ಈ ಪದರಕ್ಕೆ ನಾಲ್ಕು ಬಣ್ಣಗಳು ಮಾತ್ರ; ಅವುಗಳಲ್ಲಿ ಒಂದನ್ನು ಸಾಮಾನ್ಯವಾಗಿ ಪಾರದರ್ಶಕವಾಗಿ ಇಡುವರು. ಆದುದರಿಂದ ನವುರಾದ ಛಾಯೆಗಳನ್ನು ಬಿಟ್ಟು, ಹೆಸರಿನ ಪಕ್ಕದಲ್ಲಿ ಒಂದು ದಪ್ಪ ಚುಕ್ಕೆಯನ್ನಾಗಲಿ ಕೆಳಗೆ ಗೆರೆಯನ್ನಾಗಲಿ ಇಡತಕ್ಕದ್ದು. ಗುಂಡಿಗಳ ಎಲ್ಲೆಗಳು ಹೊಲದ ಬದುಗಳಂತೆ ಬೇರೆಬೇರೆಯಾಗಿರಬೇಕು. ಒಂದು ಮತ್ತೊಂದನ್ನು ಒತ್ತುವರಿ ಮಾಡಕೂಡದು. ರಿಮೋಟಿನ ಮೇಲ್ಬಾಣ ಕೆಳಬಾಣಗಳನ್ನು ಒತ್ತಿದರೆ ಯಾವುದರಿಂದ ಯಾವುದಕ್ಕೆ ಹೋಗಬೇಕೆಂಬುದನ್ನೂ ನಿಯಮಿಸಬೇಕು. ಅನೇಕ ಯಂತ್ರಗಳಲ್ಲಿ ಅಂಕಿಯನ್ನೊತ್ತಿದರೆ ಆ ಸಂಖ್ಯೆಯ ಗುಂಡಿಯೇ ತೆರೆಯುವುದಾದ್ದರಿಂದ, ಹೆಸರಿನ ಮುಂದೆ ಅಂಕಿಯನ್ನು ಬರೆದು, ಗುಂಡಿಗಳನ್ನೂ ಅದೇ ಕ್ರಮದಲ್ಲಿಡುವುದು ಒಳ್ಳೆಯದು. ಸೂಚಿಗೆ ಧ್ವನಿಯನ್ನೂ ಕೂಡಿಸಬಹುದು. “ಬೀಜೋಪಚಾರಕ್ಕೆ ಎರಡನ್ನು ಒತ್ತಿರಿ” ಎಂಬಂತೆ ಹೇಳಿಸಿದರೆ ಓದುಬಾರದವರೂ ತಾವೇ ನಡೆಸಬಲ್ಲರು.

೫. ಜೋಡಣೆ.— ತಟ್ಟೆಯನ್ನು ಹಾಕಿದೊಡನೆ ಮುಖ್ಯಸೂಚಿಯು ಬರುವಂತೆಯೂ, ಒಂದು ಭಾಗವು ಮುಗಿದೊಡನೆ ಸೂಚಿಗೇ ಹಿಂದಿರುಗುವಂತೆಯೂ ಏರ್ಪಡಿಸಬೇಕು. ಎರಡನೆಯದನ್ನು ಮರೆತರೆ ಚಿತ್ರವು ಮುಗಿದ ಮೇಲೆ ಯಂತ್ರವು ನಿಂತುಹೋಗಬಹುದು, ಇಲ್ಲವೆ ಬೇಡದ ಭಾಗಕ್ಕೆ ಹೋಗಬಹುದು. ಈ ಕೆಲಸಗಳಿಗೆಲ್ಲ ‘ಡಿ.ವಿ.ಡಿ. ಸ್ಟೈಲರ್’ ಎಂಬ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದು. ಅದರಲ್ಲಿ ಸಿದ್ಧ ನಮೂನೆಗಳಿದ್ದರೂ ಸ್ವಂತ ಹಿನ್ನೆಲೆಯನ್ನು ಹಾಕಿಕೊಳ್ಳಬಹುದಾಗಿದೆ.

೬. ಪರೀಕ್ಷೆ.— ಒಂದು ಸಲ ಬರೆಯುವ ತಟ್ಟೆಯಲ್ಲಿ ಬರೆದುದನ್ನು ತಿದ್ದಲು ಬಾರದು. ಆದುದರಿಂದ ಮೊದಲು ಕಂಪ್ಯೂಟರಿನಲ್ಲಿಯೇ ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡಿ, ಅನಂತರ ಒಂದು ಪ್ರತಿಯನ್ನು ಮಾತ್ರ ಬರೆದು, ಊರಿನಲ್ಲಿ ಉಪಯೋಗಿಸುವ ಯಂತ್ರದಲ್ಲಿಯೇ ಪರೀಕ್ಷಿಸಬೇಕು. ಸೂಚಿಯನ್ನು ರಚಿಸಿದವರನ್ನು ಬಿಟ್ಟು ಬೇರೊಬ್ಬ ರೈತರ ಕೈಗೆ ರಿಮೋಟನ್ನು ಕೊಡುವುದೇ ಸರಿಯಾದ ಪರೀಕ್ಷೆ. ಅವರು ತಡವರಿಸಿದ ಕಡೆಯಲ್ಲಿ ಸೂಚಿಯನ್ನು ತಿದ್ದಬೇಕು.

ಬೀಜವನ್ನು ಬಿತ್ತುವ ಮೊದಲು ಮೊಳಕೆಯನ್ನು ಪರೀಕ್ಷಿಸುವಷ್ಟೇ ಎಚ್ಚರವನ್ನು ಇಲ್ಲಿಯೂ ವಹಿಸಿದಲ್ಲಿ, ಒಂದು ತಟ್ಟೆಯು ಅನೇಕ ಹಂಗಾಮುಗಳವರೆಗೆ ಗ್ರಾಮಕ್ಕೆಲ್ಲ ಉಪಯೋಗವಾಗುವುದು.