ದಪ್ಪಗಿಲ್ಲದವರಿಗೂ ಸಕ್ಕರೆ ಕಾಯಿಲೆಯೇ?

ಪ್ರಶ್ನೆ: ನನ್ನ ಎತ್ತರ 165 ಸೆಂ.ಮೀ., ತೂಕ 64 ಕೆ.ಜಿ. ದಪ್ಪಗೇನೂ ಇಲ್ಲ. ಆದರೂ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿ ಅಂತಾರೆ. ಯಾಕೆ?

ಉತ್ತರ: ದಯವಿಟ್ಟು ಮಾಡಿಸಿ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23.5. ಇಪ್ಪತ್ತೈದರವರೆಗೆ ಚಿಂತೆಯಿಲ್ಲ ಎಂಬ ಲೆಕ್ಕ ಬಂದದ್ದು ಹೆಚ್ಚಾಗಿ ಐರೋಪ್ಯ ಮೂಲದವರ ಮೈಕಟ್ಟಿನಿಂದ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಆ ಲೆಕ್ಕ ನಮಗೆ ಹೊಂದುವುದಿಲ್ಲ ಎಂದು ತೋರಿಸಿಕೊಟ್ಟರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2! ನಮ್ಮ ಭಾರತೀಯರಲ್ಲಿ ಸ್ನಾಯು ಕಡಿಮೆ. ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಸೇರುತ್ತದೆ, ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ.

ಸಕ್ಕರೆ ಕಾಯಿಲೆಯ ಬೇರು ಬಸಿರಿನಷ್ಟು ಹಿಂದಕ್ಕೆ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಸಂಶೋಧನೆ ಈ ನಂಟಿಗೆ ಒಂದು ಮುಖ್ಯ ಪುರಾವೆ. ಆ ದಾಖಲೆ ಬರೆದಿಟ್ಟ ದಾದಿಯರಿಗೆ ನಾವೆಲ್ಲ ಋಣಿಗಳು.

ಪರೀಕ್ಷೆ ಯಾರಿಗೆ ಬೇಕು ಎಂಬ ಬಿಎಂಐ ಗೆರೆಯೇ ತಪ್ಪಾದರೆ ಅದು ಚಿಕಿತ್ಸೆಯಲ್ಲೇ ತಾರತಮ್ಯ. ಅಮೆರಿಕದ ಡಯಾಬಿಟಿಸ್ ಸಂಘ ಏಷ್ಯಾ ಮೂಲದವರಿಗೆ ಪರೀಕ್ಷೆಯ ಗೆರೆಯನ್ನು 23ಕ್ಕೆ ಇಳಿಸಿದ್ದು 2015ರಲ್ಲಷ್ಟೇ. ಅಲ್ಲಿಯವರೆಗೆ ನಿಮ್ಮಂಥ ಮೈಕಟ್ಟಿನ ಕನ್ನಡಿಗರು ಅಲ್ಲಿ ಲೆಕ್ಕಕ್ಕೇ ಸಿಗದೆ ಹೋಗುವ ಅಪಾಯವಿತ್ತು.

ಬಿಎಂಐ ಒಂದನ್ನೇ ನಂಬದೆ, ಹೊಟ್ಟೆಯ ಕೊಬ್ಬಿನ ಅಂದಾಜಿಗೆ ಟೇಪು ಹಿಡಿದು, ಉಸಿರು ಬಿಟ್ಟು ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಮೂವತ್ತು ತುಂಬಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ತಪಾಸಣೆ ಉಚಿತ.