ಎರಡನೆಯ ಭಾಷೆಯಲ್ಲಿ ಪ್ರಬಂಧ ರಚನೆ

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ವಿದ್ಯಾರ್ಥಿ ಕಾಲೇಜು ಸೇರಿದೊಡನೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾಗುತ್ತದೆ. ವಿಷಯ ಅವನಿಗೆ ತಿಳಿಯದೆಂದಲ್ಲ. ತಿಳಿದುದನ್ನು ಆ ಭಾಷೆಯಲ್ಲಿ ಒಪ್ಪವಾಗಿ ಹೇಳಲು ಬಾರದು. ಕೈಯಲ್ಲಿ ಮೊಬೈಲ್ ಇದೆ. ಗೂಗಲ್ಲಿನ ಅನುವಾದ ಸೌಕರ್ಯಕ್ಕೆ 2011ರಲ್ಲಿ ಕನ್ನಡವೂ ಸೇರಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಿದೊಡನೆ ಇಡೀ ಪ್ರಬಂಧವೇ ಸಿದ್ಧ. ಹಾಗಾದರೆ ಬರೆಯಲು ಕಲಿಸುವ ನಮಗೆ ಉಳಿದ ಕೆಲಸವೇನು?

ಬರವಣಿಗೆಯಲ್ಲಿ ಎರಡು ಶಕ್ತಿಗಳು ಕೂಡಿರುತ್ತವೆ. ಒಂದು, ಭಾಷೆಯ ಮೇಲಣ ಹಿಡಿತ. ಇನ್ನೊಂದು, ವಿಚಾರವನ್ನು ಯೋಜಿಸಿ, ಆಧಾರ ಕೊಟ್ಟು, ಬರೆದುದನ್ನು ತಿದ್ದುವ ನೈಪುಣ್ಯ. ಕೆನಡಾದಲ್ಲಿ ಫ್ರೆಂಚ್ ಮಾತೃಭಾಷೆಯ 23 ಮಂದಿ ತರುಣರ ಇಂಗ್ಲಿಷ್ ಬರವಣಿಗೆಯನ್ನು ಪರಿಶೀಲಿಸಿದ ಅಲಿಸ್ಟರ್ ಕಮಿಂಗ್ ಅವರು, ಇವೆರಡೂ ಬೇರೆ ಬೇರೆಯೆಂದು 1989ರಲ್ಲಿ ತೋರಿಸಿದರು. ಒಂದು ಭಾಷೆಯಲ್ಲಿ ಗಳಿಸಿದ ನೈಪುಣ್ಯ ಇನ್ನೊಂದಕ್ಕೂ ಒದಗುತ್ತದೆ. ಆದುದರಿಂದ ಕನ್ನಡದ ತರಗತಿಯಲ್ಲಿ ನಾವು ಬರೆಸುವ ಪ್ರಬಂಧ ಮುಂದಣ ಇಂಗ್ಲಿಷಿಗೂ ತಳಹದಿ.

ಯಂತ್ರವು ವಾಕ್ಯವನ್ನು ನೇರ್ಪಡಿಸಬಲ್ಲುದು. ಆದರೆ ತನ್ನ ಮನೆಯ ಅಡಕೆತೋಟದಲ್ಲಿ ವಿದ್ಯಾರ್ಥಿ ಕಂಡ ಕೊಳೆರೋಗವನ್ನು ಅದು ಕಂಡಿಲ್ಲ. ಆ ವಿಷಯದ ಮೇಲೆ ಬರೆಯುವವನು ತನ್ನ ಪ್ರತಿಪಾದನೆ, ಕಾರಣ, ಆಧಾರ, ಬರಬಹುದಾದ ಆಕ್ಷೇಪ ಇವನ್ನು ಮೊದಲು ಕನ್ನಡದಲ್ಲಿ ಗುರುತು ಹಾಕಿಕೊಳ್ಳಲಿ. ಬಳಿಕ ತಿಳಿದಷ್ಟು ಇಂಗ್ಲಿಷಿನಲ್ಲಿ ತಾನೇ ಬರೆಯಲಿ. ಯಂತ್ರದ ಸಹಾಯ ಆಮೇಲೆ. ಅದು ಮಾಡಿದ ತಿದ್ದುಪಡಿಯಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಬಿಟ್ಟೆ, ಏಕೆ ಎಂದು ಅವನು ಹೇಳಬಲ್ಲನಾದರೆ ಕಲಿಕೆ ನಡೆದಿದೆಯೆಂದೇ ಅರ್ಥ.

ಉಪಾಧ್ಯಾಯರಾದ ನಮಗೂ ಒಂದು ಎಚ್ಚರಿಕೆ ಅಗತ್ಯ. ಯಂತ್ರ ಬರೆದುದನ್ನು ಪತ್ತೆಹಚ್ಚುವ ಯಂತ್ರಗಳೂ ಬಂದಿವೆ. 2023ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಅಂತಹ 7 ಸಾಧನಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಒಡ್ಡಿದರು. ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರರಚಿತವೆಂದು ತಪ್ಪಾಗಿ ತೀರ್ಮಾನವಾದವು. ಕಲಿತ ಕೆಲವೇ ಪದಗಳಲ್ಲಿ ಸರಳವಾಗಿ ಬರೆಯುವುದೇ ಅವರ ಅಪರಾಧವಾಯಿತು! ನಮ್ಮ ವಿದ್ಯಾರ್ಥಿ ಬರೆಯುವುದೂ ಹಾಗೆಯೇ. ಆ ತೀರ್ಪನ್ನು ನಂಬಿ ಪ್ರಾಮಾಣಿಕನನ್ನು ಕಳ್ಳನೆಂದರೆ ಅವನು ಮತ್ತೆ ಲೇಖನಿ ಹಿಡಿಯಲಾರನು.

ಪತ್ತೆ ಮಾಡುವುದಕ್ಕಿಂತ ಜೊತೆಗೆ ಕುಳಿತು ನೋಡುವುದು ಲೇಸು. ಮೊದಲ ಟಿಪ್ಪಣಿ, ಕರಡು, ತಿದ್ದಿದ ಪ್ರತಿ ಈ ಮೂರನ್ನೂ ಇರಿಸಿಕೊಂಡು ಐದು ನಿಮಿಷ ಮಾತನಾಡಿಸಿದರೆ ಬರೆದವರಾರೆಂಬುದು ತಾನಾಗಿ ತಿಳಿಯುತ್ತದೆ. ಈ ಕೆಲಸ ಯಾವ ಯಂತ್ರದಿಂದಲೂ ಆಗದು, ನಾವೇ ಮಾಡಬೇಕು.