ಕೊಟ್ಟಿಗೆಗೆ ಕ್ಯಾಮೆರಾ: ಯಾವ ಅಲುಗಾಟಕ್ಕೆ ಫೋನ್ ಕೂಗಬೇಕು?



ಮೈಸೂರು ನಗರದ ಅಂಚಿನ ಹಳ್ಳಿಗಳಲ್ಲಿ ಹಸು ನೋಡಲು ಹೋದರೆ ಈಗ ಹೆಚ್ಚಾಗಿ ಕೇಳಿಬರುವ ಪ್ರಶ್ನೆ, "ಡಾಕ್ಟ್ರೇ, ಕೊಟ್ಟಿಗೆಗೆ ಯಾವ ಕ್ಯಾಮೆರಾ ಹಾಕಿಸಬೇಕು?" ಎನ್ನುವುದು. ಕೇಳುವುದರಲ್ಲಿ ಅರ್ಥವಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣದೊಳಗೆ 2024ರ ಡಿಸೆಂಬರ್ 31ರ ನಸುಕಿನಲ್ಲಿ ಚಿರತೆ ಓಡಾಡಿದ್ದು ಗೊತ್ತಾಗಿದ್ದೇ ಸಿಸಿಟಿವಿಯಿಂದ. ಅಷ್ಟು ದೊಡ್ಡ ಗೋಡೆಯೊಳಗೆ ಬಂದದ್ದು ನಮ್ಮ ತಡಿಕೆ ಬಾಗಿಲಿನ ಕೊಟ್ಟಿಗೆಗೆ ಬರುವುದಿಲ್ಲವೆಂದು ಹೇಳುವುದು ಹೇಗೆ? ಇದರ ಜೊತೆಗೆ ಕಳ್ಳರ ಭಯ, ರಾತ್ರಿ ಕರು ಹಾಕುವ ಹಸುವಿನ ಚಿಂತೆ.

ಆದರೆ ಕ್ಯಾಮೆರಾ ಹಾಕಿಸಿದ ಹಲವರ ಮನೆಯಲ್ಲಿ ನಾನು ಕಂಡದ್ದು ಇಷ್ಟು: ವಾರದೊಳಗೆ ಫೋನಿಗೆ ಬರುವ ಎಚ್ಚರಿಕೆಯನ್ನು ಆಫ್ ಮಾಡಿರುತ್ತಾರೆ. ರಾತ್ರಿಯಿಡೀ ಕೂಗುತ್ತದೆ, ನಿದ್ದೆ ಇಲ್ಲ ಎನ್ನುತ್ತಾರೆ. ಇದು ಕ್ಯಾಮೆರಾದ ದೋಷವಲ್ಲ. ಅದರೊಳಗಿನ ಸಾಫ್ಟ್‌ವೇರ್ ಯಾವುದನ್ನು 'ಚಲನೆ' ಎಂದು ಲೆಕ್ಕ ಹಾಕುತ್ತದೆ ಎಂಬುದನ್ನು ಯಾರೂ ತಿಳಿಸಿರುವುದಿಲ್ಲ.

ಸಾಮಾನ್ಯ ಕ್ಯಾಮೆರಾ ಒಂದರ ಹಿಂದೆ ಒಂದು ಚಿತ್ರ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಹೋಲಿಸುತ್ತದೆ. ವ್ಯತ್ಯಾಸ ಮಿತಿ ದಾಟಿದರೆ ಕೂಗುತ್ತದೆ. ಮನೆಯ ಹಜಾರಕ್ಕೆ ಇದು ಸಾಕು. ಕೊಟ್ಟಿಗೆಯಲ್ಲಿ? ಹಸು ಬಾಲ ಬೀಸುತ್ತದೆ, ತಲೆ ಆಡಿಸುತ್ತದೆ, ಏಳುತ್ತದೆ, ಮಲಗುತ್ತದೆ. ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕಿಗೆ ಹುಳು ಮುತ್ತುತ್ತವೆ, ಹುಳುವಿಗಾಗಿ ಜೇಡ ಅದರ ಮುಂದೆಯೇ ಬಲೆ ಕಟ್ಟುತ್ತದೆ. ಗಾಜಿನ ಹತ್ತಿರ ಹಾರುವ ಹುಳು ಪರದೆಯಲ್ಲಿ ಹಸುವಿನಷ್ಟು ದೊಡ್ಡದಾಗಿ ಕಾಣುತ್ತದೆ. ಎಲ್ಲಕ್ಕೂ ಫೋನ್ ಕೂಗುತ್ತದೆ.

ಎರಡನೆಯ ಬಗೆ, ಮೈಯ ಶಾಖ ಗುರುತಿಸುವ ಸೆನ್ಸರ್ ಇರುವಂಥದ್ದು. ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಹುಲಿ ಎಣಿಕೆಗೆ ಮರಕ್ಕೆ ಕಟ್ಟುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಎಲೆ ಅಲುಗಿದರೆ, ಹುಳು ಹಾರಿದರೆ ಸುಲಭವಾಗಿ ಮೋಸ ಹೋಗುವುದಿಲ್ಲ. ಆದರೆ ಹಸುವಿನ ಮೈಯೂ ಬಿಸಿಯೇ ತಾನೆ, ಆದ್ದರಿಂದ ಕೊಟ್ಟಿಗೆಯ ಒಳಗೆ ಇದರಿಂದಲೂ ನೆಮ್ಮದಿ ಇಲ್ಲ.

ಮೂರನೆಯದನ್ನು ಅಂಗಡಿಯವರು ಹೆಚ್ಚು ಹೊಗಳುತ್ತಾರೆ: ಮನುಷ್ಯರನ್ನು ಮಾತ್ರ ಗುರುತಿಸಿ ಎಚ್ಚರಿಸುವ ಸಾಫ್ಟ್‌ವೇರ್. ಕಳ್ಳರ ಭಯಕ್ಕೆ ಇದು ನಿಜಕ್ಕೂ ಒಳ್ಳೆಯದು, ಸುಳ್ಳು ಕೂಗು ಬಹಳ ಕಡಿಮೆ. ಆದರೆ ಗಮನಿಸಿ, 'ಮನುಷ್ಯರು ಮಾತ್ರ' ಎಂದು ಹೊಂದಿಸಿದರೆ ಚಿರತೆ ಬಾಗಿಲಲ್ಲಿ ನಿಂತರೂ ಅದು ಸುಮ್ಮನಿರುತ್ತದೆ. ಕೆಲವು ಆ್ಯಪ್‌ಗಳಲ್ಲಿ 'ಸಾಕುಪ್ರಾಣಿ' ಎಂಬ ಆಯ್ಕೆಯೂ ಇರುತ್ತದೆ. ಅದು ಮುಖ್ಯವಾಗಿ ಮನೆಯ ನಾಯಿ, ಬೆಕ್ಕಿಗೆಂದು ಮಾಡಿದ್ದು. ಚಿರತೆಯ ವಿಷಯದಲ್ಲಿ ಅದನ್ನು ನಂಬಿ ಮಲಗುವುದು ಬೇಡ.

ಹಾಗಾಗಿ ನನ್ನ ಸಲಹೆ, ಒಂದೇ ಕ್ಯಾಮೆರಾಕ್ಕೆ ಎಲ್ಲ ಕೆಲಸ ಹಚ್ಚಬೇಡಿ. ಮೊದಲನೆಯದನ್ನು ಹೊರಗೆ, ಬಾಗಿಲು ಮತ್ತು ಅಂಗಳ ಕಾಣುವಂತೆ, ಹಸುಗಳು ಕಾಣದಂತೆ ಹಾಕಿಸಿ. ಎಚ್ಚರಿಕೆ ಕೊಡುವುದು ಇದೊಂದೇ. ಚಿತ್ರದಲ್ಲಿ ಬೇಕಾದ ಜಾಗಕ್ಕೆ ಮಾತ್ರ ಬೆರಳಿನಿಂದ ಗೆರೆ ಎಳೆದು ಗುರುತು ಮಾಡುವ ಸೌಲಭ್ಯ ಇರಲೇಬೇಕು. ಅದು ಉಚಿತವೋ, ತಿಂಗಳ ಶುಲ್ಕ ಕಟ್ಟಿದರಷ್ಟೇ ಸಿಗುತ್ತದೋ ಎಂದು ಕೊಳ್ಳುವ ಮೊದಲೇ ಕೇಳಿ. ಚಿರತೆ ಓಡಾಟವಿರುವ ಊರಾದರೆ 'ಮನುಷ್ಯರು ಮಾತ್ರ' ಆಯ್ಕೆ ತೆಗೆದು, ಬಾಗಿಲಿನ ಜಾಗವನ್ನಷ್ಟೇ ಗುರುತು ಮಾಡಿ. ಬೀದಿ ನಾಯಿಗೆ ಒಂದೆರಡು ಸಲ ಕೂಗಿದರೆ ಕೂಗಲಿ.

ಒಳಗಿನ ಕ್ಯಾಮೆರಾ ಕೂಗುವುದು ಬೇಡ, ಕಂಡರೆ ಸಾಕು. ಹಸು ಕರು ಹಾಕುತ್ತಿದೆ ಎಂದು ಈ ಸಾಮಾನ್ಯ ಸಾಫ್ಟ್‌ವೇರ್‌ಗಳಿಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ದಿನ ತುಂಬಿದ ಹಸು ಇದ್ದರೆ ರಾತ್ರಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ಮಲಗಿದಲ್ಲಿಂದಲೇ ಫೋನ್ ನೋಡಿ. ಪದೇ ಪದೇ ಎದ್ದು ಮಲಗುವುದು, ಬಾಲ ಎತ್ತಿ ನಿಲ್ಲುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು ಕಂಡರೆ ಎದ್ದು ಹೋಗಿ. ನೀರಿನ ಚೀಲ ಕಂಡ ಮೇಲೆ ಒಂದು ಗಂಟೆ ತಿಣುಕಿದರೂ ಕರು ಮುಂದೆ ಬರದಿದ್ದರೆ ಬೆಳಗಾಗಲೆಂದು ಕಾಯಬೇಡಿ, ಎಳೆಯಲೂ ಹೋಗಬೇಡಿ. ನಮಗೆ ಅಥವಾ 1962ಕ್ಕೆ ಫೋನ್ ಮಾಡಿ. ಮೊದಲ ಸೂಲಿನ ಕಡಸಿಗೆ ಸ್ವಲ್ಪ ಹೆಚ್ಚು ಸಮಯ ಹಿಡಿಯಬಹುದು.

ಒಳಗಿನ ಕ್ಯಾಮೆರಾಕ್ಕೆ ಹಳೆಯ ಸ್ಮಾರ್ಟ್‌ಫೋನೂ ಆದೀತು. 'ಆಲ್ಫ್ರೆಡ್'ನಂಥ ಆ್ಯಪ್ ಎರಡೂ ಫೋನಿಗೆ ಹಾಕಿದರೆ ಒಂದು ಕ್ಯಾಮೆರಾ, ಇನ್ನೊಂದು ಪರದೆ. ಆದರೆ ಫೋನಿಗೆ ಕತ್ತಲಲ್ಲಿ ಕಾಣುವುದಿಲ್ಲ, ಸಣ್ಣ ಬಲ್ಬು ಉರಿಯುತ್ತಿರಬೇಕು. ದಿನವಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬುತ್ತದೆ, ಹುಲ್ಲಿನ ಮೆದೆಯ ಪಕ್ಕ ಅದನ್ನು ಇಡಲೇಬೇಡಿ. ಕಂಪ್ಯೂಟರಿಗೆ ವೆಬ್‌ಕ್ಯಾಮ್ ಜೋಡಿಸಿ 'ಐಸ್ಪೈ'ನಂಥ ಸಾಫ್ಟ್‌ವೇರ್ ಹಾಕುವವರೂ ಇದ್ದಾರೆ. ರಾತ್ರಿಯೆಲ್ಲ ಕಂಪ್ಯೂಟರ್ ಓಡಬೇಕು, ಕೊಟ್ಟಿಗೆಗೆ ಅದು ಹೊಂದುವುದಿಲ್ಲ.

ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಕ್ಯಾಮೆರಾಕ್ಕೂ ವೈಫೈ ಡಬ್ಬಿಗೂ ಸಣ್ಣ ಯುಪಿಎಸ್ ಬೇಕು. ಕೊಟ್ಟಿಗೆ ತೊಳೆಯುವ ನೀರು ಸಿಡಿಯುವುದರಿಂದ 'ಐಪಿ 65' ಅಥವಾ '66' ಎಂದು ಬರೆದಿರುವುದನ್ನೇ ಆರಿಸಿ. ವಾರಕ್ಕೊಮ್ಮೆ ಗಾಜು ಒರೆಸಿ, ಬಲೆ ತೆಗೆಯಿರಿ.

ಇನ್ನೊಂದು ಮಾತು, ಇದನ್ನು ಬೇರೆ ಯಾರೂ ಹೇಳುವುದಿಲ್ಲ. ಆ್ಯಪ್ ಸಾಮಾನ್ಯವಾಗಿ ಮಗನ ಫೋನಿನಲ್ಲೋ ಯಜಮಾನರ ಫೋನಿನಲ್ಲೋ ಇರುತ್ತದೆ. ಅವರು ರಾತ್ರಿ ಪಾಳಿಗೆ ಹೋಗಿದ್ದರೆ ಕೂಗಿ ಏನು ಪ್ರಯೋಜನ? ಕೊಟ್ಟಿಗೆ ನೋಡುವವರು ನೀವು, ಆ್ಯಪ್ ನಿಮ್ಮ ಫೋನಿನಲ್ಲೂ ಇರಲಿ. ಫೋನ್ ಸೈಲೆಂಟ್ ಆಗಿದ್ದರೂ ಈ ಆ್ಯಪ್ ಮಾತ್ರ ಸದ್ದು ಮಾಡುವಂತೆ, ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಮುಚ್ಚದಂತೆ ಹೊಂದಿಸಲು ಹೇಳಿ. ಪಾಸ್‌ವರ್ಡನ್ನು ನೀವೇ ಬದಲಿಸಿ, ಹಾಕಿಕೊಟ್ಟವರ ಬಳಿ ಉಳಿಯುವುದು ಬೇಡ. ಎಷ್ಟೋ ಮನೆಗಳಲ್ಲಿ ಬಚ್ಚಲು, ಶೌಚಾಲಯ ಕೊಟ್ಟಿಗೆಯ ಪಕ್ಕದಲ್ಲೇ ಇರುತ್ತವೆ. ಅವುಗಳ ಬಾಗಿಲಾಗಲಿ, ಪಕ್ಕದ ಮನೆಯಾಗಲಿ ಚಿತ್ರದಲ್ಲಿ ಬಾರದಂತೆ ತಿರುಗಿಸಿ, ಫೋನಿನಲ್ಲಿ ನೀವೇ ನೋಡಿ ಖಾತ್ರಿ ಮಾಡಿಕೊಳ್ಳಿ.

ಎಚ್ಚರಿಕೆ ಬಂದ ಕೂಡಲೇ ಬ್ಯಾಟರಿ ಹಿಡಿದು ಒಬ್ಬರೇ ಹೊರಗೆ ಬರಬೇಡಿ. ಮೊದಲು ಫೋನಿನಲ್ಲಿ ಏನೆಂದು ನೋಡಿ. ಮನುಷ್ಯರಾದರೆ 112, ಚಿರತೆಯಾದರೆ ಅರಣ್ಯ ಇಲಾಖೆಯ 1926. ಒಳಗಿನಿಂದಲೇ ಹೊರಗಿನ ದೀಪ ಹಾಕಿ, ಅಕ್ಕಪಕ್ಕದವರನ್ನು ಎಬ್ಬಿಸಿ. ಕ್ಯಾಮೆರಾಕ್ಕೆ ದುಡ್ಡು ಕೂಡಿಸುತ್ತಿರುವವರು ಅದಕ್ಕೂ ಮುಂಚೆ ಕರುಗಳಿರುವ ಕಡೆಗೆ ಜಾಲರಿ ಬಾಗಿಲು, ಚಿಲಕ ಹಾಕಿಸಿಕೊಳ್ಳಿ.